ಬೋಳಿಸದ ಗುಡ್ಡ

ನಮ್ಮ ಮನೆಯವರ ಕೆಲಸ ಏನು ಅಂತ ಯಾರಾದರೂ ಕೇಳಿದರೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಕಾಡು ಕಾಯುವವರಾ ಎಂದರೆ ಅಲ್ಲ. ಮರದ ವ್ಯಾಪಾರವಾ ಎಂದರೆ ಅದೂ ಅಲ್ಲ. ಸ್ವಂತ ಜಮೀನಿನಲ್ಲಿ ಕಾಡು ಇಟ್ಟುಕೊಂಡಿರುವವರು ಇವರನ್ನು ಕರೆಸುತ್ತಾರೆ. ಇವರು ಹೋಗಿ, ಮರಗಳ ನಡುವೆ ಓಡಾಡಿ, ಕಾಂಡದ ಸುತ್ತ ಟೇಪು ಹಿಡಿದು, ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿ, ಕಡಿಯಬೇಕಾದ ಮರಕ್ಕೆ ನೀಲಿ ಬಣ್ಣದ ಗೆರೆ ಎಳೆದು ಬರುತ್ತಾರೆ. ಮದುವೆಯಾದಾಗಿನಿಂದ ಇವರ ಪ್ಯಾಂಟುಗಳ ಮೇಲೆ ಆ ನೀಲಿ ಕಲೆ ಉಜ್ಜಿ ಉಜ್ಜಿ ನನಗೆ ಆ ಬಣ್ಣ ಕಂಡರೇ ಆಗುವುದಿಲ್ಲ.

ಹೊಸ ಕಾಡಿಗೆ ಹೋದ ಮೊದಲ ದಿನ ಇವರು ಟೇಪನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಮಾಲೀಕರನ್ನು ಬಿದ್ದ ಮರದ ಮೇಲೋ ಕಲ್ಲಿನ ಮೇಲೋ ಕೂರಿಸಿ, "ನಿಮಗೆ ಈ ಕಾಡಿನಿಂದ ಏನು ಬೇಕು?" ಎಂದು ಕೇಳುತ್ತಾರೆ. ಅವರು ಹೇಳುವ ಉತ್ತರದ ಮೇಲೆ ಮುಂದಿನ ಕೆಲಸವೆಲ್ಲ ನಿಂತಿರುತ್ತದೆ. ಸೌದೆ ಬೇಕು ಎಂದವರಿಗೆ ಬುಡಕ್ಕೆ ಕಡಿದರೂ ಮತ್ತೆ ಚಿಗುರುವ ಮರಗಳನ್ನು ತೋರಿಸುತ್ತಾರೆ. ಹಕ್ಕಿಗಳು ಬರಬೇಕು ಎಂದ ಒಬ್ಬ ನಿವೃತ್ತ ಟೀಚರಿಗೆ, ಒಣಗಿ ನಿಂತ ಮರಗಳನ್ನು ಮುಟ್ಟಲೇಬೇಡಿ, ಪೊಟರೆ ಇರುವುದೇ ಅವುಗಳಲ್ಲಿ ಎಂದು ಹೇಳಿ ಬಂದಿದ್ದರು. ಮನೆಗೆ ಪರದೆ ಬಟ್ಟೆ ತರುವಾಗ ನನ್ನನ್ನು ಒಂದು ಮಾತು ಕೇಳದ ಮನುಷ್ಯ, ಕಂಡವರ ಗುಡ್ಡಕ್ಕೆ ಹೋಗಿ ಅಷ್ಟು ನಯವಾಗಿ ಕೇಳುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು.

ಒಂದು ಕೆಲಸವನ್ನು ಮಾತ್ರ ಇವರು ಮಾಡುತ್ತಿರಲಿಲ್ಲ. ಗುಡ್ಡದ ಒಂದು ಭಾಗವನ್ನು ಪೂರ್ತಿ ಕಡಿದು ಬಯಲು ಮಾಡುವುದು. ಅದಕ್ಕೆ ಇವರ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ, ಊರಿನವರು ಬೋಳಿಸುವುದು ಎನ್ನುತ್ತಾರೆ. ಇವರದು ಇಲ್ಲೊಂದು ಅಲ್ಲೊಂದು ಆರಿಸಿ ಕಡಿಯುವ ವಿಧಾನ. ಕಡಿದ ಮೇಲೂ ದೂರದಿಂದ ನೋಡಿದವರಿಗೆ ಕಾಡು ಇದ್ದ ಹಾಗೇ ಕಾಣುತ್ತದೆ. ಒಂದು ವರ್ಷ ಇನ್ನೊಬ್ಬ ಸಲಹೆಗಾರ ಊರಾಚೆಯ ಗುಡ್ಡವೊಂದನ್ನು ಬೋಳಿಸಿ, ಅದರ ಫೋಟೋ ಪೇಪರಿನಲ್ಲಿ ಬಂದು, ಜನ ಅವನಿಗೆ ಛೀಮಾರಿ ಹಾಕಿದರು. ಆಗ ಇವರು ಕಾಡು ಮಾಲೀಕರ ಸಂಘದ ಸಭೆಯಲ್ಲಿ ಎದ್ದು ನಿಂತು, "ನಾನು ಇದುವರೆಗೆ ಒಂದು ಗುಡ್ಡವನ್ನೂ ಬೋಳಿಸಿಲ್ಲ, ಇನ್ನು ಮುಂದೂ ಬೋಳಿಸಲ್ಲ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಅಂದಿನಿಂದ ಇವರಿಗೆ 'ಬೋಳಿಸದ ಮೇಷ್ಟ್ರು' ಎಂದೇ ಹೆಸರಾಯಿತು. ಗುಡ್ಡವನ್ನೂ ಬೋಳಿಸುವುದಿಲ್ಲ, ಗಿರಾಕಿಯ ತಲೆಯನ್ನೂ ಬೋಳಿಸುವುದಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ನಾನು ಶಾಲಾ ವ್ಯಾನು ಓಡಿಸುವವಳು. ಮಕ್ಕಳನ್ನು ಹತ್ತಿಸಲು ಬರುವ ತಾಯಂದಿರ ಮುಂದೆ ಈ ಮಾತನ್ನು ನಾನೇ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ಅದನ್ನು ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಸಿಸ್ಟರ್ ಇವರನ್ನು ಕರೆಸಿದ್ದು ಆ ಸಭೆಯಾದ ಮೇಲೆ, ಚಪ್ಪಾಳೆ ಇನ್ನೂ ಇವರ ಕಿವಿಯಲ್ಲಿ ಇದ್ದಾಗಲೇ. ಸಿಸ್ಟರ್ ಎಂದರೆ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮದುವೆಯಾಗಿಲ್ಲ, ತೀರಿಹೋದ ಅಣ್ಣನ ಹೆಂಡತಿಯ ಜೊತೆ ಗುಡ್ಡದ ಬುಡದ ಮನೆಯಲ್ಲಿದ್ದಾರೆ. ಅವರ ಕೈಗುಣಕ್ಕೆ ಊರೇ ಸಾಕ್ಷಿ. ಅವರು ಸೂಜಿ ಚುಚ್ಚಿದರೆ ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ, ಅವರು ಕಟ್ಟಿದ ಗಾಯ ಕೀವಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಅವರ ಗೇಟಿನ ಮುಂದೆ ದಿನಾ ಯಾರಾದರೂ ಒಬ್ಬರು ನಿಂತಿರುತ್ತಿದ್ದರು. ಮನೆಯ ಹಿಂದಿನ ಗುಡ್ಡದ ತುಂಬ ಅವರ ತಂದೆ ಬೀಜ ಹಾಕಿ ಬೆಳೆಸಿದ ಪೈನ್ ಮರಗಳು.

ಇವರು ಎಂದಿನಂತೆ ಆ ಪ್ರಶ್ನೆ ಕೇಳಿದ್ದಾರೆ. ಸಿಸ್ಟರ್ ತಡವರಿಸದೆ ಉತ್ತರ ಕೊಟ್ಟಿದ್ದಾರೆ. "ನನಗೆ ಮರ ಮಾರೋ ಆಸೆ ಇಲ್ಲ ಸಾರ್, ಪೆನ್ಷನ್ ಬರುತ್ತೆ. ಇವು ವಯಸ್ಸಾದ ಮರ, ಇವತ್ತಲ್ಲ ನಾಳೆ ಬೀಳೋವೇ. ಅಷ್ಟರೊಳಗೆ ಇವುಗಳ ಮರಿ ಇದೇ ಗುಡ್ಡದಲ್ಲಿ ಎದ್ದು ನಿಂತಿರಬೇಕು. ಬೇರೆ ಜಾತಿ ಬೇಡ. ಪೈನೇ ಬೇಕು." ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ನಡೆದು ಬರುವಾಗ ಆ ಮರಗಳಲ್ಲಿ ಗಾಳಿ ಸುಯ್ಯೆನ್ನುವುದು ರಸ್ತೆಯ ತಿರುವಿಗೇ ಕೇಳುತ್ತಿತ್ತಂತೆ, ಅದು ಕಿವಿಗೆ ಬಿದ್ದರೆ ಕಾಲು ನೋವು ಅರ್ಧ ಇಳಿಯುತ್ತಿತ್ತಂತೆ. ಇದನ್ನೆಲ್ಲ ಆವತ್ತು ಸಂಜೆ ಇವರೇ ನನಗೆ ಹೇಳಿದ್ದರು. "ನೀವೇನಂದ್ರಿ?" ಎಂದು ಕೇಳಿದೆ. "ಬರುತ್ತೆ ಅಂದೆ" ಎಂದರು.

ಆಮೇಲೆ ವರ್ಷಗಳು ಕಳೆದವು. ಇವರು ಆಗಾಗ ಹೋಗಿ ಆ ಗುಡ್ಡದಲ್ಲಿ ಇಲ್ಲೊಂದು ಅಲ್ಲೊಂದು ಪೈನಿಗೆ ನೀಲಿ ಗೆರೆ ಎಳೆದು ಬರುತ್ತಿದ್ದರು. ಕಳೆದ ವರ್ಷ ಇವರ ಕಣ್ಣಿನ ಆಪರೇಷನ್ ಆಯಿತು, ಗಾಡಿ ಓಡಿಸಬಾರದು ಎಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಗಾಳಿಗೆ ದೊಡ್ಡ ಪೈನೊಂದು ಬೇಲಿಯ ಮೇಲೆ ಬಿದ್ದಿದೆ, ಬಂದು ನೋಡಿ ಎಂದು ಸಿಸ್ಟರ್ ಫೋನು ಮಾಡಿದರು. ಶಾಲೆಗೆ ರಜೆಯಿತ್ತು, ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಇಲ್ಲವಾಗಿದ್ದರೆ ಈ ಕಥೆಯೇ ನನಗೆ ಗೊತ್ತಾಗುತ್ತಿರಲಿಲ್ಲ.

ನಾವು ಇಳಿಯುವಾಗ ಗೇಟಿನ ಹತ್ತಿರ ಕಾಲಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕ ನಿಂತಿದ್ದ. ಸಿಸ್ಟರ್ ಗೇಟು ತೆಗೆಯದೆ ಒಳಗಿನಿಂದಲೇ ಅವನಿಗೆ ಕೈಮುಗಿಯುತ್ತಿದ್ದರು. "ಬೇಡ ಯಜಮಾನ್ರೇ, ಕ್ಲಿನಿಕ್ಕಿಗೇ ಹೋಗಿ. ನಾನೀಗ ಯಾರಿಗೂ ಮಾಡ್ತಾ ಇಲ್ಲ." ಮುದುಕ ಗೊಣಗಿಕೊಂಡು ಕುಂಟುತ್ತಾ ಹೋದ. ನನಗೆ ಆಶ್ಚರ್ಯವಾಯಿತು. ವಯಸ್ಸಾಯಿತು, ಬೇಸರ ಬಂದಿರಬೇಕು ಅಂದುಕೊಂಡೆ.

ಬಿದ್ದ ಮರ ನೋಡಲು ಹೊರಟರೆ ಸಿಸ್ಟರ್ ಬೇಲಿಯವರೆಗೆ ಬಂದು ನಿಂತುಬಿಟ್ಟರು. "ಅತ್ತಿಗೆ ತೋರಿಸ್ತಾರೆ, ಹೋಗಿ ಬನ್ನಿ" ಎಂದರು. ಅತ್ತಿಗೆ ನಮ್ಮ ಮುಂದೆ ನಡೆದರು. ಒಳಗೆ ತಂಪು, ಬೆಳಕು ಕಡಿಮೆ. ಮೇಲೆ ಹಳೆಯ ಪೈನುಗಳು ನಿಂತಿವೆ, ಅವುಗಳ ಕೆಳಗೆಲ್ಲ ಅಗಲ ಎಲೆಯ ಬೇರೆ ಮರಗಳು ಒತ್ತೊತ್ತಾಗಿ ಎದ್ದಿವೆ. ನೆಲದ ಮೇಲೆ ಅಲ್ಲಲ್ಲಿ ಸಣ್ಣ ಕೋಲು ನೆಟ್ಟು, ಅದರ ತುದಿಗೆ ಬ್ಯಾಂಡೇಜ್ ಬಟ್ಟೆಯ ಚೂರು ಕಟ್ಟಿತ್ತು. ಬಗ್ಗಿ ನೋಡಿದೆ. ಪ್ರತಿ ಕೋಲಿನ ಬುಡದಲ್ಲೂ ಬೆರಳುದ್ದದ ಪೈನ್ ಸಸಿ, ಕಂದು ಬಣ್ಣಕ್ಕೆ ತಿರುಗಿ ಒಣಗಿ ಹೋಗಿತ್ತು.

"ಇದೆಲ್ಲ ನಮ್ಮ ನಾದಿನಿಯ ಕೆಲಸ," ಎಂದರು ಅತ್ತಿಗೆ. "ಮರಿ ಕಂಡ ಕೂಡಲೇ ಕೋಲು ನೆಡೋದು, ಬುಡ ಬಿಡಿಸೋದು, ಆ ಮಂಡಿ ನೋವಲ್ಲಿ ಕ್ಯಾನಲ್ಲಿ ನೀರು ಹೊತ್ಕೊಂಡು ಬರೋದು. ಒಂದೂ ಉಳೀಲಿಲ್ಲ. ನಾನೇ ಹೇಳಿದೆ, ನಿನ್ನ ಕೈ ರೋಗಿಗಳಿಗಾದೀತು, ಗಿಡಕ್ಕಾಗಲ್ಲ, ಮುಟ್ಟಬೇಡ ಬಿಡು ಅಂತ. ಈಗ ಒಳಗೇ ಕಾಲಿಡಲ್ಲ."

ಇವರು ಒಂದು ಕೋಲನ್ನು ಹಿಡಿದುಕೊಂಡು ಬಗ್ಗಿದವರು ತುಂಬ ಹೊತ್ತು ಮೇಲೇಳಲಿಲ್ಲ. ಆಪರೇಷನ್ ಆದ ಕಣ್ಣು, ಬಗ್ಗಬೇಡಿ ಎಂದು ನಾನು ಗದರಿದೆ.

ಅಡುಗೆಮನೆಯಲ್ಲಿ ಟೀ ಕೊಟ್ಟರು. ಕಿಟಕಿಯ ಪಕ್ಕದ ಕಪಾಟಿನಲ್ಲಿ ಹತ್ತಿ, ಕತ್ತರಿ, ಟಿಂಚರಿನ ಬಾಟಲಿಗಳ ಡಬ್ಬಿ ಇತ್ತು, ಮುಚ್ಚಳದ ಮೇಲೆ ಧೂಳು ಕೂತಿತ್ತು. ಸಿಸ್ಟರ್ ನಮ್ಮೆದುರು ಕೂತು, ತಪ್ಪು ಮಾಡಿದವರ ಹಾಗೆ ಮೇಜನ್ನೇ ನೋಡುತ್ತಾ ಹೇಳಿದರು. "ನಿಮ್ಮ ಹೆಸರು ಕೆಡಿಸಿಬಿಟ್ಟೆ ಸಾರ್. ನೀವು ಹೇಳಿದ ಹಾಗೇ ಎಲ್ಲ ಮಾಡಿದೆ. ನಿಮ್ಮ ವಿಧಾನ ಬೇರೆಲ್ಲ ಕಡೆ ಚೆನ್ನಾಗಿ ಆಗಿದೆಯಂತೆ. ಇಲ್ಲಿ ನನ್ನ ಕೈಗುಣ ಸರಿಯಿಲ್ಲ. ನಾನು ಮುಟ್ಟಿದ್ದೆಲ್ಲ ಸಾಯುತ್ತೆ. ಅದಕ್ಕೇ ಈಗ ಜನಕ್ಕೂ ಸೂಜಿ ಹಾಕೋದು ಬಿಟ್ಟೆ. ಮನಸ್ಸಿಗೆ ಹೆದರಿಕೆ ಬಂದುಬಿಟ್ಟಿದೆ."

ಹಾಗೇನಿಲ್ಲ ಸಿಸ್ಟರ್ ಎಂದು ಇವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಇವರು ಟೀ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟು, "ಈಚೆಗೆ ಹವಾಮಾನವೇ ಸರಿಯಿಲ್ಲ. ಇನ್ನೊಂದು ವರ್ಷ ನೋಡೋಣ" ಎಂದರು. ಸಿಸ್ಟರ್ ತಲೆಯಾಡಿಸಿ, ನಮ್ಮ ದಾರಿಗೆಂದು ಒಂದು ಚೀಲ ಹಣ್ಣು ಕೊಟ್ಟು ಕಳಿಸಿದರು.

ಮುಖ್ಯರಸ್ತೆಗೆ ಬಂದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ. "ಅಲ್ಲಾ ರೀ, ಅವರ ಕೈಗೂ ಸಸಿಗೂ ಏನು ಸಂಬಂಧ? ಇಷ್ಟು ವರ್ಷದಲ್ಲಿ ಒಂದೂ ಬದುಕಿಲ್ಲ ಅಂದ್ರೆ ಬೇರೆ ಏನೋ ಇರಬೇಕು."

ಇವರು ಕಿಟಕಿಯ ಕಡೆ ತಿರುಗಿ, "ಬಿಸಿಲು" ಎಂದರು.

"ಏನು ಬಿಸಿಲು?"

"ಪೈನ್ ಮರಿಗೆ ನೆತ್ತಿ ಮೇಲೆ ಬಿಸಿಲು ಬೇಕು. ನೆರಳಲ್ಲಿ ಹುಟ್ಟುತ್ತೆ, ಸ್ವಲ್ಪ ದಿನ ಇರುತ್ತೆ, ಆಮೇಲೆ ಸೊರಗಿ ಹೋಗುತ್ತೆ. ಒಂದೊಂದೇ ಮರ ತೆಗೆದ್ರೆ ಅಷ್ಟು ಸಣ್ಣ ಸಂದಿಗೆ ಬಿಸಿಲು ಇಳಿಯಲ್ಲ. ನೆರಳು ತಡ್ಕೊಳ್ಳೋ ಮರ ಬಂದು ಆ ಜಾಗ ಹಿಡಿಯುತ್ತೆ."

"ಹಾಗಾದ್ರೆ ಏನು ಮಾಡಬೇಕಿತ್ತು?"

"ಒಂದು ಪಟ್ಟಿ ಪೂರ್ತಿ ಬಯಲು ಮಾಡಬೇಕಿತ್ತು. ಬೀಜಕ್ಕೆ ಅಂತ ಒಳ್ಳೇ ಪೈನು ನಾಲ್ಕಾರು ನಿಲ್ಲಿಸಿ, ನೆಲ ಕೆರೆದು ಬಿಟ್ಟಿದ್ರೆ ತಾನಾಗೇ ಬರ್ತಿತ್ತು."

"ಅಂದ್ರೆ ಬೋಳಿಸಬೇಕಿತ್ತು."

ಇವರು ಕಿಟಕಿಯ ಗಾಜು ಏರಿಸಿದರು.

"ಇದು ನಿಮಗೆ ಈಗ ಗೊತ್ತಾಯ್ತಾ, ಆವತ್ತೇ ಗೊತ್ತಿತ್ತಾ?"

ಇಲ್ಲ ಎನ್ನಲಿ ಎಂದು ನಾನು ಎಷ್ಟು ಆಸೆಪಟ್ಟೆನೋ. "ಗೊತ್ತಿತ್ತು" ಎಂದರು. "ಆ ಗುಡ್ಡ ಬಸ್‌ಸ್ಟ್ಯಾಂಡಿಗೆ ಎದುರಿಗೇ ಇದೆ ಕಣೇ. ಆಗತಾನೇ ಸಭೆಯಲ್ಲಿ ಹಾಗೆ ಹೇಳಿ ಬಂದಿದ್ದೆ. ಅಲ್ಲಿ ಬೋಳಿಸಿದ್ರೆ ಊರಿಗೆ ಊರೇ ನೋಡೋದು. ಹೇಗೋ ಬಂದ್ರೂ ಬರಬಹುದು ಅಂದ್ಕೊಂಡೆ."

ನಾನು ವ್ಯಾನನ್ನು ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ನನಗೆ ಬಂದ ಸಿಟ್ಟಿನಲ್ಲಿ ಓಡಿಸಿದ್ದರೆ ಯಾರ ಮೇಲಾದರೂ ಹತ್ತಿಸುತ್ತಿದ್ದೆ. ತಿಳಿಯದೆ ಮಾಡಿದ ತಪ್ಪಾಗಿದ್ದರೆ ಬಾಯಿಗೆ ಬಂದಂತೆ ಬೈದು ಮರೆತುಬಿಡುತ್ತಿದ್ದೆ. ಇದು ಹಾಗಲ್ಲ. ಕಾಡಿನ ಒಡತಿ ತಮಗೆ ಏನು ಬೇಕೆಂದು ಬಿಡಿಸಿ ಹೇಳಿದ್ದಾರೆ, ಅದಕ್ಕೆ ಯಾವ ವಿಧಾನ ಸರಿಯೆಂದು ಇವರಿಗೆ ಗೊತ್ತಿದೆ, ಗೊತ್ತಿದ್ದೂ ತಮ್ಮ ಹೆಸರಿಗೆ ಹೊಂದುವ ವಿಧಾನವನ್ನು ಅವರ ಗುಡ್ಡಕ್ಕೆ ಹಚ್ಚಿ ಬಂದಿದ್ದಾರೆ. ಹೋದಾಗಲೆಲ್ಲ ಅವರ ಪೈನನ್ನೇ ಕಡಿಸಿ ಆ ಜಾಗವನ್ನು ಬೇರೆ ಮರಗಳಿಗೆ ಒಪ್ಪಿಸಿದ್ದಾರೆ. ಅಷ್ಟಾದರೂ ಸಿಸ್ಟರೇ ಇವರ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಅವರು ಕೊಟ್ಟ ಹಣ್ಣಿನ ಚೀಲ ಇವರ ತೊಡೆಯ ಮೇಲಿತ್ತು. ಅದನ್ನು ಮನೆಯಲ್ಲಿ ಯಾರೂ ತಿನ್ನಲಿಲ್ಲ, ಕೊಳೆತ ಮೇಲೆ ಎಸೆದೆ.

ಆಮೇಲಿನ ದಿನಗಳಲ್ಲಿ ಇವರು ನನ್ನ ಕಣ್ಣಿಗೆ ಬೀಳದ ಹಾಗೆ ಮನೆಯೊಳಗೆ ಓಡಾಡಿದರು. ನಮ್ಮದು ಎರಡು ಕೋಣೆಯ ಮನೆ, ಬೀಳದೆ ಎಲ್ಲಿಗೆ ಹೋಗುತ್ತಾರೆ? ಹಿಂದಿನ ಬಾಗಿಲಲ್ಲಿ ಕೂತು ಬಣ್ಣದ ಬ್ರಷ್ಷುಗಳನ್ನು ತೊಳೆದರು, ತೊಳೆದವನ್ನೇ ಮತ್ತೆ ತೊಳೆದರು. ಸಂಘದ ಕಾರ್ಯದರ್ಶಿ ಫೋನು ಮಾಡಿ, ಈ ಸಲ ಸದಸ್ಯರನ್ನೆಲ್ಲ ಸಿಸ್ಟರ್ ಗುಡ್ಡಕ್ಕೇ ಕರೆತಂದು ನಿಮ್ಮ ವಿಧಾನ ತೋರಿಸೋಣ ಮೇಷ್ಟ್ರೇ ಎಂದಾಗ, ಹುಷಾರಿಲ್ಲ ಎಂದು ಫೋನಿಟ್ಟರು. ಕಿವಿಯವರೆಗೂ ಕೆಂಪಾಗಿದ್ದರು. ಗಂಡ ಎಂಬುವವನನ್ನು ಅಷ್ಟು ಸಣ್ಣವನಾಗಿ ನಾನು ಎಂದೂ ನೋಡಿರಲಿಲ್ಲ, ನೋಡಲು ನನಗೇ ನಾಚಿಕೆಯಾಗುತ್ತಿತ್ತು.

ಒಂದು ದಿನ ತಟ್ಟೆಯ ಮುಂದೆ ಕೂತು, "ಮಣ್ಣು ಹುಳಿಯಾಗಿದೆ ಅನ್ನಬಹುದು" ಎಂದರು.

"ಅನ್ನಿ. ಆಮೇಲೆ ಅವರು ಮಣ್ಣಿಗೆ ಔಷಧಿ ಹಾಕ್ಕೊಂಡು ಕೂತಿರಲಿ."

ಇವರು ಅನ್ನ ಕಲಸುತ್ತಾ ಹೇಳಿದರು, "ಹಳೇದೆಲ್ಲ ಯಾಕೆ ಕೆದಕೋದು? ಕಾಲ ಬದಲಾಗಿದೆ, ಇನ್ನು ಮೇಲೆ ಬೇರೆ ವಿಧಾನ ಮಾಡೋಣ ಅಂತಷ್ಟೇ ಹೇಳ್ತೀನಿ. ಒಂದು ಪಟ್ಟಿ ತೆಗೆದ್ರೆ ಮರಿ ಬಂದೇ ಬರುತ್ತೆ. ಅವರಿಗೆ ಬೇಕಾಗಿರೋದು ಅದೇ ತಾನೇ?"

"ಗುಡ್ಡಕ್ಕೆ ಅಷ್ಟು ಸಾಕು," ಎಂದೆ. "ಅವರ ಕೈಗೆ?"

ಇವರು ತಟ್ಟೆ ಹಾಗೇ ಬಿಟ್ಟು ಎದ್ದರು. ಮಾರನೆಯ ಬೆಳಗ್ಗೆ ನಾನು ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಷರಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಸಿಸ್ಟರ್ ಮನೆಗೆ ಬಿಡ್ತೀಯಾ?" ಎಂದರು.

ಸಿಸ್ಟರ್ ಅದೇ ಅಡುಗೆಮನೆಯಲ್ಲಿ ಕೂರಿಸಿದರು. ಇವರು ಕೂರಲಿಲ್ಲ. ಟೀ ಬೇಡ ಎಂದರು. ನಿಂತುಕೊಂಡೇ ಹೇಳತೊಡಗಿದರು. ಮೊದಲು ಪುಸ್ತಕದ ಭಾಷೆಯಲ್ಲಿ ಶುರುವಾಯಿತು, ಬೆಳಕಿನ ಪ್ರಮಾಣ, ಜಾತಿಗಳ ಸ್ಪರ್ಧೆ ಎಂದು ಏನೇನೋ. ಸಿಸ್ಟರ್ ಮುಖದಲ್ಲಿ ಏನೂ ಅರ್ಥವಾಗದ್ದು ಕಂಡು ನಾನು ಕೆಮ್ಮಿದೆ. ಇವರು ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಎಲ್ಲ ಹೇಳಿದರು. ಸಭೆ, ಚಪ್ಪಾಳೆ, ಬಸ್‌ಸ್ಟ್ಯಾಂಡು, ಒಂದನ್ನೂ ಬಿಡಲಿಲ್ಲ.

ಸಿಸ್ಟರ್ ರೋಗಿಯನ್ನು ವಿಚಾರಿಸುವ ಹಾಗೆ ಒಂದೊಂದಾಗಿ ಕೇಳಿದರು.

"ಸಸಿಗಳು ಸತ್ತಿದ್ದು ಬಿಸಿಲು ಸಾಲದೆ."

"ಹೌದು."

"ನೀರು ಜಾಸ್ತಿಯಾಗಿ ಅಲ್ಲ."

"ಅಲ್ಲ."

"ನಾನು ಬುಡ ಬಿಡಿಸಿದ್ದಕ್ಕೂ ಅಲ್ಲ? ಮುಟ್ಟಿದ್ದಕ್ಕೂ ಅಲ್ಲ?"

"ಅಲ್ಲ ಸಿಸ್ಟರ್. ಯಾರು ಮುಟ್ಟಿದ್ರೂ, ಯಾರು ಬಿಟ್ಟಿದ್ರೂ ಅವು ಸಾಯ್ತಿದ್ವು."

"ಅದು ನಿಮಗೆ ಮೊದಲೇ ಗೊತ್ತಿತ್ತು. ಹೋದ ಸಲ ಇಲ್ಲಿ ಕೂತು ಟೀ ಕುಡಿದಾಗಲೂ ಗೊತ್ತಿತ್ತು."

"ಗೊತ್ತಿತ್ತು."

ಅವರು ಬೈಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬೈದರೆ ಇವರ ಎದೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಎದ್ದು ಹಿತ್ತಲ ಬಾಗಿಲಿಗೆ ಹೋಗಿ, "ಅತ್ತಿಗೇ, ಸ್ವಲ್ಪ ಒಳಗೆ ಬನ್ನಿ" ಎಂದು ಕರೆದರು. ಅತ್ತಿಗೆ ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಇಟ್ಟು ಬಂದರು. ಸಿಸ್ಟರ್ ಅವರಿಗೆ ಕುರ್ಚಿ ಎಳೆದು ಕೊಟ್ಟು, ಇವರ ಕಡೆ ತಿರುಗಿದರು.

"ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ ಸಾರ್. ಇವರೂ ಕೇಳಲಿ."

ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಎಷ್ಟೋ ಕಷ್ಟ ಎಂದು ನನಗೆ ಆವತ್ತು ಗೊತ್ತಾಯಿತು. ಮೊದಲ ಸಲ ಮಾತು ನುಗ್ಗಿ ಬಂದಿತ್ತು. ಈಗ ಪ್ರತಿಯೊಂದನ್ನೂ ಇವರು ಒಳಗಿನಿಂದ ಎತ್ತಿ ತಂದು ಇಡಬೇಕಾಯಿತು. ಬಸ್‌ಸ್ಟ್ಯಾಂಡಿನ ಮಾತು ಬಂದಾಗ ದನಿ ನಿಂತೇ ಹೋಯಿತು. ಸಿಸ್ಟರ್ ಕಾದರು. ಇವರು ಅದನ್ನೂ ಹೇಳಿದರು. ಕೇಳುತ್ತಾ ಕೇಳುತ್ತಾ ಅತ್ತಿಗೆಯ ಮುಖವೂ ಇಳಿಯಿತು. ಯಾರ ಕೈಯನ್ನು ಇಷ್ಟು ದಿನ ಹಳಿದಿದ್ದರೋ ಅವರನ್ನು ನೋಡಲಾರದೆ, ಎದ್ದು ಒಲೆಯ ಮೇಲಿಲ್ಲದ ಪಾತ್ರೆಯನ್ನು ಇಳಿಸಲು ಹೋದರು.

"ಈಗ ಏನು ಮಾಡಬಹುದು?" ಎಂದು ಸಿಸ್ಟರ್ ಕೇಳಿದರು.

ಇವರು ಹೇಳಿದರು. ಬೀಜ ಬಿಡುವ ಪೈನುಗಳು ಇನ್ನೂ ಗಟ್ಟಿಯಾಗಿವೆ, ಅವು ಬೀಳುವ ಮೊದಲು ಒಂದು ಪಟ್ಟಿ ತೆರೆಯಬೇಕು. ಕಡಿದ ಮರದ ಮೋಟುಗಳು ಕೆಲವು ವರ್ಷ ಕಣ್ಣಿಗೆ ಚುಚ್ಚುತ್ತವೆ. ಬೇಡವೆನಿಸಿದರೆ ಈಗಿರುವ ಹಾಗೇ ಬಿಡಬಹುದು, ಕಾಡು ಇರುತ್ತದೆ, ಆದರೆ ಪೈನ್ ಇರುವುದಿಲ್ಲ. ಎರಡನ್ನೂ ಸಮವಾಗಿ ಹೇಳಿದರು, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ.

"ಬಿಸಿಲು ಜಾಸ್ತಿ ಯಾವ ಕಡೆ?"

ಇವರು "ರಸ್ತೆ ಕಡೆ" ಎಂದರು.

"ಹಾಗಾದ್ರೆ ರಸ್ತೆ ಕಡೆಯಿಂದಲೇ ಶುರು ಮಾಡಿ."

"ಜನ ಬೈತಾರೆ ಸಿಸ್ಟರ್."

"ಯಾರನ್ನ?"

"ನನ್ನನ್ನ."

"ಸರಿ ಮತ್ತೆ," ಎಂದರು ಸಿಸ್ಟರ್.

ಬೀಜ ಉದುರುವ ಕಾಲಕ್ಕೆ ಮುಂಚೆ ಕೆಲಸ ಶುರುವಾಯಿತು. ಬೀಜಕ್ಕೆ ಬಿಟ್ಟ ಪೈನುಗಳು ದೂರದೂರ ನಿಂತವು, ಉಳಿದದ್ದೆಲ್ಲ ನೆಲಕ್ಕೆ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಅದೇ ಮಾತು. "ಬೋಳಿಸದ ಮೇಷ್ಟ್ರು ಎಷ್ಟು ನುಂಗಿದ್ರೋ ಏನೋ" ಎಂದು ನಮ್ಮ ಬೆನ್ನ ಹಿಂದೆಯೇ ಒಬ್ಬ ಹೇಳಿದ. ನಾನು ಗರಕ್ಕನೆ ತಿರುಗಿದೆ. ಇವರು ನನ್ನ ತೋಳು ಹಿಡಿದು, "ಬೇಡ, ನಡಿ" ಎಂದರು. ಕಾರ್ಯದರ್ಶಿ ಅದಾದ ಮೇಲೆ ಫೋನು ಮಾಡಿಲ್ಲ.

ಕಡಿದು ಸಾಗಿಸಿದ ಮೇಲೆ ನೆಲ ಕೆರೆಯುವ ದಿನ ಸಿಸ್ಟರ್ ಬೇಲಿ ದಾಟಿ ಒಳಗೆ ಬಂದರು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಕುಂಟೆ ಹಿಡಿದು, ಬಿಸಿಲಲ್ಲಿ ಅತ್ತಿಗೆಯ ಪಕ್ಕ ನಿಂತು ಮಣ್ಣು ಬಿಡಿಸಿದರು. ಕೆಲಸದವನೊಬ್ಬ ಬೆರಳು ಕುಯ್ದುಕೊಂಡಾಗ ಅಲ್ಲೇ ಕೂರಿಸಿ ಕಟ್ಟು ಹಾಕಿದರು. ಇವರ ಜೊತೆ ಮಾತ್ರ ಇಡೀ ದಿನ ಕೆಲಸಕ್ಕೆ ಬೇಕಾದ್ದು ಬಿಟ್ಟು ಒಂದು ಮಾತೂ ಆಡಲಿಲ್ಲ. ಸಂಜೆ ಹೊರಡುವಾಗ ಇವರು ಗೇಟಿನ ಹತ್ತಿರ ನಿಂತು, "ಮರಿ ಹುಟ್ಟಿದ ಮೇಲೆ ಬಂದು ನೋಡಲಾ ಸಿಸ್ಟರ್?" ಎಂದು ಕೇಳಿದರು.

"ಬನ್ನಿ," ಎಂದರು ಸಿಸ್ಟರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಇನ್ನು ಮೇಲೆ ಏನು ಹೇಳೋದಿದ್ರೂ ಅತ್ತಿಗೆ ಎದುರಿಗೇ ಹೇಳಿ ಸಾರ್."

ಆಯ್ತು ಎಂದು ಇವರು ತಲೆ ತಗ್ಗಿಸಿದರು. ಈಗ ಅಲ್ಲಿಗೆ ಹೋದಾಗಲೆಲ್ಲ ಇವರು ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತಿರುತ್ತಾರೆ. ಅತ್ತಿಗೆ ಕೈ ಒರೆಸಿಕೊಂಡು ಬಂದು ಎದುರಿಗೆ ಕೂರುವವರೆಗೂ ಬಾಯಿ ಬಿಡುವುದಿಲ್ಲ.